ಅಕ್ವೇರಿಯಂ ಮೀನುಗಳ ಚಿತ್ರಕ್ಕೆ ಯಾವ ಕ್ಯಾಮೆರಾ? ಮೊದಲು ಫ್ಲ್ಯಾಶ್‌ಗೆ ಹಣ ತೆಗೆದಿಡಿ

ತಾವು ವಿರಾಜಪೇಟೆಯಿಂದ ಕೇಳಿರುವುದು ಇಷ್ಟು: ಮನೆಯಲ್ಲಿ ಎರಡೂವರೆ ಅಡಿಯ ಗಾಜಿನ ತೊಟ್ಟಿ ಇದೆ, ಅದರಲ್ಲಿ ನಿಯಾನ್ ಟೆಟ್ರಾ, ಗಪ್ಪಿ ಮತ್ತು ಒಂದು ಜೋಡಿ ಏಂಜೆಲ್ ಮೀನುಗಳಿವೆ, ಫೋನಿನಲ್ಲಿ ತೆಗೆದ ಚಿತ್ರಗಳೆಲ್ಲ ಮಸುಕಾಗುತ್ತವೆ, ಐವತ್ತು ಸಾವಿರ ರೂಪಾಯಿಯೊಳಗೆ ಎಷ್ಟು ಮೆಗಾಪಿಕ್ಸೆಲ್‌ನ ಡಿಜಿಟಲ್ ಕ್ಯಾಮೆರಾ ಕೊಳ್ಳಬೇಕು ಎಂದು. ನಾನು ಸೋಮವಾರಪೇಟೆಯ ಕಡೆಯವನು. ಹನ್ನೊಂದು ವರ್ಷಗಳಿಂದ ಮೀನು ಸಾಕುತ್ತಿದ್ದೇನೆ, ಏಳು ವರ್ಷಗಳಿಂದ ಅವುಗಳ ಚಿತ್ರ ತೆಗೆಯುತ್ತಿದ್ದೇನೆ, ಅದರಲ್ಲಿ ಮೊದಲ ಎರಡು ವರ್ಷ ಬೇಡದ ವಸ್ತುಗಳಿಗೆ ಹಣ ಸುರಿದಿದ್ದೇನೆ. ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ; ಲೆನ್ಸ್ ಬದಲಿಸಬಹುದಾದ, ಹತ್ತು ವರ್ಷ ಹಳೆಯ ಕ್ಯಾಮೆರಾದಲ್ಲೂ ಅದು ತಮ್ಮ ಅಗತ್ಯಕ್ಕಿಂತ ಹೆಚ್ಚೇ ಇರುತ್ತದೆ. ಹಣವನ್ನು ಮೊದಲು ಫ್ಲ್ಯಾಶ್‌ಗೆ, ಆಮೇಲೆ ಲೆನ್ಸ್‌ಗೆ ತೆಗೆದಿಟ್ಟು, ಉಳಿದದ್ದರಲ್ಲಿ ಕ್ಯಾಮೆರಾ ನೋಡಿ ಎಂಬುದು ನನ್ನ ಸಲಹೆ.

ತೊಟ್ಟಿಯ ಮುಚ್ಚಳದಲ್ಲಿರುವ ಎಲ್‌ಇಡಿ ದೀಪ ನಮ್ಮ ಕಣ್ಣಿಗೆ ಧಾರಾಳವಾಗಿ ಕಂಡರೂ ಕ್ಯಾಮೆರಾದ ಪಾಲಿಗೆ ಅದು ಆಷಾಢದ ಸಂಜೆಯ ಬೆಳಕು. ನನ್ನ ತೊಟ್ಟಿಯಲ್ಲಿ ಆ ದೀಪವೊಂದನ್ನೇ ನಂಬಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ) 1600 ಮತ್ತು ಅಪರ್ಚರ್ (ಲೆನ್ಸ್‌ನೊಳಗಿನ ಬೆಳಕಿನ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ಎಫ್ 2.8 ಇಟ್ಟರೆ ಶಟರ್ ವೇಗ ಸೆಕೆಂಡಿನ 60ರಲ್ಲಿ ಒಂದು ಪಾಲಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಷ್ಟು ಹೊತ್ತಿನಲ್ಲಿ ಟೆಟ್ರಾ ಒಮ್ಮೆ ಬಾಲ ಬೀಸಿತೆಂದರೆ ಅದರ ನೀಲಿ ಗೆರೆ ಕಲಸಿಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಫೋಕಸ್‌ನ ಆಳದ್ದು. ಸಾಮಾನ್ಯ ಎಪಿಎಸ್-ಸಿ ಗಾತ್ರದ ಸೆನ್ಸರ್ (ಚಿತ್ರ ಮೂಡುವ ಫಲಕ) ಇರುವ ಕ್ಯಾಮೆರಾದಲ್ಲಿ ಮೀನು ಆ ಫಲಕದ ಮೇಲೆ ತನ್ನ ನಿಜ ಗಾತ್ರದ ಅರ್ಧದಷ್ಟು ಮೂಡುವ ಹಾಗೆ ಹತ್ತಿರ ಹೋದಾಗ, ಎಫ್ 2.8ರಲ್ಲಿ ಸ್ಪಷ್ಟವಾಗಿ ಸಿಗುವ ಪದರ ಒಂದು ಮಿಲಿಮೀಟರಿಗೂ ಕಡಿಮೆ, ಎಫ್ 8ರಲ್ಲಿ ಸುಮಾರು ಎರಡು ಮಿಲಿಮೀಟರ್. ಎಂದರೆ ಕಣ್ಣು ನಿಚ್ಚಳವಾಗಿದ್ದರೂ ಈಜುರೆಕ್ಕೆ ಮಂಜಾಗಿಯೇ ಉಳಿಯಬಹುದು. ಹೀಗಾಗಿ ಎಫ್ 8 ಅಥವಾ ಎಫ್ 11ಕ್ಕೆ ಹೋಗಲೇಬೇಕು, ಅದಕ್ಕೆ ಎಫ್ 2.8ಕ್ಕೆ ಬೇಕಾದುದರ ಎಂಟರಿಂದ ಹದಿನಾರು ಪಟ್ಟು ಬೆಳಕು ಬೇಕು, ಮತ್ತು ಅಷ್ಟನ್ನು ಐಎಸ್‌ಒ ಏರಿಸಿ ಪಡೆಯಲು ಹೋದರೆ ಮೀನಿನ ಮೈಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಫ್ಲ್ಯಾಶ್ ಈ ಬೆಳಕನ್ನು ಕೊಡುವುದಲ್ಲದೆ, ಕಡಿಮೆ ಶಕ್ತಿಯಲ್ಲಿ ಅದು ಬೆಳಗುವ ಅವಧಿ ಸೆಕೆಂಡಿನ ಕೆಲವು ಸಾವಿರದಲ್ಲಿ ಒಂದು ಪಾಲು ಮಾತ್ರ ಆಗಿರುವುದರಿಂದ, ಎಷ್ಟೇ ಚುರುಕಾದ ಮೀನನ್ನೂ ಇದ್ದಲ್ಲೇ ಹಿಡಿದು ನಿಲ್ಲಿಸುತ್ತದೆ.

ಆದರೆ ಆ ಫ್ಲ್ಯಾಶ್ ಕ್ಯಾಮೆರಾದ ಮೇಲಿರಬಾರದು. ನಾನು ಮೊದಲು ಕೊಂಡದ್ದು ಬಹಳ ದೂರದ ಜೂಮ್ ಇದ್ದ, ಬೇರೆ ಫ್ಲ್ಯಾಶ್ ಕೂರಿಸಲು ಮೇಲೆ ಹಾಟ್ ಶೂ ಇಲ್ಲದ ಒಂದು ಕ್ಯಾಮೆರಾ. ಅಂಗಡಿಯವರು ಚಂದ್ರನ ಕುಳಿಗಳನ್ನು ತೋರಿಸಿದರು, ನಾನು ಮರುಳಾದೆ. ಮನೆಗೆ ಬಂದು ತೆಗೆದ ಮೊದಲ ಚಿತ್ರದಲ್ಲಿ ಗಾಜಿನ ನಡುವೆ ಒಂದು ಬಿಳಿಯ ಉಂಡೆ ಇತ್ತು, ಅದರ ಕೆಳಗೆ ನನ್ನ ಬಿಳಿ ಅಂಗಿಯ ನಾಲ್ಕು ಗುಂಡಿಗಳು ಏಂಜೆಲ್ ಮೀನಿನ ಹೊಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದವು. ಫ್ಲ್ಯಾಶ್ ತೊಟ್ಟಿಯ ಮೇಲಿನ ಗಾಜಿನ ಮುಚ್ಚಳದ ಮೇಲೆ ಕೆಳಮುಖವಾಗಿ ಇರಬೇಕು. ಹೊಳೆಯಲ್ಲಿ ಬಿಸಿಲು ಬೀಳುವುದೂ ಮೇಲಿನಿಂದಲೇ ಆದ್ದರಿಂದ ಹುರುಪೆಗಳ ಹೊಳಪು ಆಗ ಸಹಜವಾಗಿ ಕಾಣುತ್ತದೆ, ಮುಂದಿನ ಗಾಜಿನಲ್ಲಿ ಪ್ರತಿಫಲನವೂ ಬರುವುದಿಲ್ಲ. ಗೋಡಾಕ್ಸ್ ಟಿಟಿ600 ಮಾದರಿಯ ಸಾದಾ ಮ್ಯಾನುಯಲ್ ಫ್ಲ್ಯಾಶ್ ಒಂದು ಮತ್ತು ಕ್ಯಾಮೆರಾದ ಹಾಟ್ ಶೂ ಮೇಲೆ ಕೂತು ದೂರದಿಂದಲೇ ಅದನ್ನು ಬೆಳಗಿಸುವ, ಅದಕ್ಕೆ ಹೊಂದುವ ವೈರ್‌ಲೆಸ್ ಟ್ರಿಗರ್ ಒಂದು ಇದ್ದರೆ ಈ ಕೆಲಸಕ್ಕೆ ಸಾಕು. ಮುಚ್ಚಳದ ಅಡಿಯಿಂದ ಹಬೆ ಏಳುತ್ತಿದ್ದರೆ ಫ್ಲ್ಯಾಶ್‌ನ ಕೆಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ. ನೀರು ಮತ್ತು ವಿದ್ಯುತ್ತಿನ ವಿಷಯದಲ್ಲಿ ಧೈರ್ಯ ತೋರಿಸುವುದು ಬೇಡ.

ಕ್ಯಾಮೆರಾ ಆಯ್ಕೆಯ ಮೊದಲ ಪರೀಕ್ಷೆ ಇಲ್ಲೇ ಇದೆ. ಹಾಟ್ ಶೂ ಇದ್ದರಷ್ಟೇ ಸಾಲದು, ಅದರ ನಡುವೆ ಫ್ಲ್ಯಾಶ್‌ಗೆ ಸಂಕೇತ ಕೊಡುವ ದುಂಡನೆಯ ಲೋಹದ ಬಿಂದುವೂ ಇರಬೇಕು. ಕ್ಯಾನನ್‌ನ 200ಡಿ ಮಾರ್ಕ್ 2 ಮತ್ತು 3000ಡಿ ಕ್ಯಾಮೆರಾಗಳಲ್ಲಿ ಆ ನಡುವಿನ ಬಿಂದುವೇ ಇಲ್ಲ. ಅವು ಕ್ಯಾನನ್‌ಗೆಂದೇ ತಯಾರಾದ ಫ್ಲ್ಯಾಶ್ ಮತ್ತು ಟ್ರಿಗರ್‌ಗಳೊಂದಿಗೆ ಕೆಲಸ ಮಾಡುತ್ತವೆ, ಒಂದೇ ಬಿಂದುವನ್ನು ನಂಬಿದ ಅಗ್ಗದ ಟ್ರಿಗರ್‌ಗಳೊಂದಿಗೆ ಮಾಡುವುದಿಲ್ಲ. ಈ ಕ್ಯಾಮೆರಾಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕಣ್ಣಿಗೆ ಬೀಳುವುದರಿಂದ ಹೇಳಿದೆ.

ಲೆನ್ಸ್ ವಿಷಯಕ್ಕೆ ಬಂದರೆ, ಅತಿ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಇಲ್ಲದೆ ಏನೂ ಆಗದು ಎಂದು ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತಮ್ಮ ಟೆಟ್ರಾ ಮೂರು ಸೆಂಟಿಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಕ್ಯಾಮೆರಾದ ಜೊತೆಗೆ ಬರುವ 18-55 ಮಿಲಿಮೀಟರ್‌ನ ಒಳ್ಳೆಯ ಕಿಟ್ ಲೆನ್ಸ್ ನಿಜ ಗಾತ್ರದ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ದೊಡ್ಡದಾಗಿ ಮೂಡಿಸಬಲ್ಲದು, ಎಂದರೆ ಮೀನು ಸೆನ್ಸರ್ ಮೇಲೆ ಹನ್ನೊಂದು ಮಿಲಿಮೀಟರ್ ಹರಡುತ್ತದೆ. ಸೆನ್ಸರ್‌ನ ಅಗಲ ಸುಮಾರು 23.5 ಮಿಲಿಮೀಟರ್. 24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಪಿಕ್ಸೆಲ್ ಆದ್ದರಿಂದ ಮೀನೊಂದಕ್ಕೇ 2800 ಪಿಕ್ಸೆಲ್ ಸಿಕ್ಕಿತು, ಮತ್ತು ಅಷ್ಟರಲ್ಲಿ ಎ4 ಹಾಳೆಯಲ್ಲಿ ನಿರಾತಂಕವಾಗಿ ಮುದ್ರಿಸಬಹುದು. ಆರು ತಿಂಗಳು ಇದರಲ್ಲೇ ಕೈ ಪಳಗಿಸಿ. ಆಮೇಲೆ ಗಪ್ಪಿಯ ಕಣ್ಣು, ಹುರುಪೆಯ ಅಂಚು ಬೇಕೆನಿಸಿದರೆ 85ರಿಂದ 100 ಮಿಲಿಮೀಟರ್‌ನ ಮ್ಯಾಕ್ರೋ ಕೊಳ್ಳಬಹುದು. ನಾನು ಬಳಸುವುದು ಟ್ಯಾಮ್ರಾನ್ 90. ನಿಕಾನ್ 40 ಮಿಲಿಮೀಟರ್ ಮ್ಯಾಕ್ರೋ ಅಗ್ಗವೂ ಚುರುಕೂ ಹೌದು, ಆದರೆ ನಿಜ ಗಾತ್ರಕ್ಕೆ ಹೋಗಬೇಕಾದರೆ ಲೆನ್ಸ್‌ನ ಮೂತಿಯಿಂದ ಮೀನಿಗೆ ಸುಮಾರು ನಾಲ್ಕು ಸೆಂಟಿಮೀಟರ್ ಅಂತರವಷ್ಟೇ ಉಳಿಯುತ್ತದೆ, ಮತ್ತು ಮೀನು ಅಷ್ಟು ಸೌಜನ್ಯದಿಂದ ಗಾಜಿಗೆ ಅಂಟಿಕೊಂಡು ನಿಲ್ಲುವುದಿಲ್ಲ. ದೊಡ್ಡ ಮೀನುಗಳ ಕಥೆ ಬೇರೆ. ನನ್ನ ನಾಲ್ಕಡಿಯ ತೊಟ್ಟಿಯಲ್ಲಿ ಮಿಸ್ ಕೇರಳ ಎಂದು ಕರೆಯುವ, ಕೆಂಪು ಗೆರೆಯ ಡೆನಿಸನ್ ಬಾರ್ಬ್‌ಗಳಿವೆ. ನಮ್ಮ ಕೊಡಗಿನ ಬರಪೊಳೆ ಕೇರಳಕ್ಕೆ ಇಳಿದು ಸೇರುವ ವಳಪಟ್ಟಣಂ ನದಿಯ ಮೀನು ಅದು; ಹೊಳೆಯಲ್ಲಿ ಅಳಿವಿನಂಚಿನಲ್ಲಿರುವುದರಿಂದ ಸಾಕಣೆಯಲ್ಲಿ ಮರಿಯಾದುವನ್ನೇ ತಂದಿದ್ದೇನೆ. ಹದಿನೈದು ಸೆಂಟಿಮೀಟರಿನವರೆಗೆ ಬೆಳೆಯುವ ಆ ಮೀನಿಗೆ 90ರ ಲೆನ್ಸ್ ಹಾಕಿದರೆ ಹಿಂದೆ ಸರಿಯುತ್ತಾ ಸರಿಯುತ್ತಾ ಅಡುಗೆಮನೆ ಬಾಗಿಲಿಗೆ ಬೆನ್ನು ತಾಗುತ್ತದೆ, ಅದಕ್ಕೆ ಕಿಟ್ ಲೆನ್ಸೇ ಸರಿ.

ಇನ್ನು ಕ್ಯಾಮೆರಾದ ಹೆಸರು. ತಮ್ಮ ಹಣಕ್ಕೆ ನಾನು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5600 ಅಥವಾ ಡಿ7200 ಹುಡುಕುತ್ತೇನೆ; ಎರಡೂ 24 ಮೆಗಾಪಿಕ್ಸೆಲ್‌ನವು. ಡಿ5600ರ ಪರದೆ ಹೊರಗೆ ತೆರೆದು ತಿರುಗುವುದರಿಂದ ಮೊಣಕಾಲೆತ್ತರದ ಸ್ಟ್ಯಾಂಡಿನಲ್ಲಿರುವ ತೊಟ್ಟಿಯ ಮುಂದೆ ನೆಲಕ್ಕೆ ಕವುಚಿ ಮಲಗಬೇಕಾಗಿಲ್ಲ. ಆದರೆ ಅದರ ಒಳಗೆ ಫೋಕಸ್ ಮೋಟಾರ್ ಇಲ್ಲ, ಆದ್ದರಿಂದ ಎಎಫ್-ಡಿ ಎಂಬ ಗುರುತಿನ ಹಳೆಯ ಲೆನ್ಸ್‌ಗಳು ಅದರಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ. ಡಿ7200ರಲ್ಲಿ ಮೋಟಾರ್ ಇದೆ, ಪರದೆ ತಿರುಗುವುದಿಲ್ಲ. ಒಳಗೆ ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಖಂಡಿತ ಚೆನ್ನಾಗಿವೆ, ಆದರೆ ಐವತ್ತು ಸಾವಿರದಲ್ಲಿ ಅವುಗಳನ್ನು ಕೊಂಡರೆ ಫ್ಲ್ಯಾಶ್‌ಗೆ ಹಣ ಉಳಿಯುವುದು ಕಷ್ಟ. ಒಲಿಂಪಸ್ ಟಿಜಿ-6ರಂಥ ನೀರಿಗಿಳಿಯುವ ಪುಟ್ಟ ಕ್ಯಾಮೆರಾ ಲೆನ್ಸ್‌ನಿಂದ ಒಂದೇ ಸೆಂಟಿಮೀಟರ್ ದೂರದಲ್ಲೂ ಫೋಕಸ್ ಮಾಡುತ್ತದೆ, ಸಿಗಡಿ ಮತ್ತು ಬಸವನಹುಳುಗಳಿಗೆ ಅದು ಸೊಗಸು. ಅದನ್ನು ಕೈಯಲ್ಲಿ ಹಿಡಿದು ತೊಟ್ಟಿಯೊಳಗೆ ಅದ್ದಿದರೆ ಮಾತ್ರ ಮೀನುಗಳೆಲ್ಲ ಫಿಲ್ಟರ್ ಹಿಂದೆ ಸೇರಿಕೊಳ್ಳುತ್ತವೆ.

ತೆಗೆಯುವ ದಿನ ಮೇವು ಹಾಕುವ ಮೊದಲೇ ಗಾಜನ್ನು ಒಳಗೂ ಹೊರಗೂ ಒರೆಸಿ, ಫಿಲ್ಟರ್ ಅರ್ಧ ಗಂಟೆ ನಿಲ್ಲಿಸಿ, ಕೋಣೆಯ ದೀಪ ಆರಿಸಿ, ಕಪ್ಪು ಅಂಗಿ ತೊಟ್ಟು, ತೊಟ್ಟಿಯ ಹಿಂದೆ ಕಪ್ಪು ಚಾರ್ಟ್ ಹಾಳೆ ಅಂಟಿಸಿ. ಲೆನ್ಸ್ ಗಾಜಿಗೆ ನೇರವಾಗಿರಲಿ. ಓರೆಯಾದರೆ ಗಾಜು ಮತ್ತು ನೀರಿನಲ್ಲಿ ಬೆಳಕು ಬಾಗಿ ಮೀನಿನ ಅಂಚು ಎರಡಾಗಿ ಕಾಣುತ್ತದೆ. ಐಎಸ್‌ಒ 200, ಎಫ್ 8, ಶಟರ್ 160ರಲ್ಲಿ ಒಂದು, ಫ್ಲ್ಯಾಶ್ ಎಂಟನೇ ಒಂದು ಶಕ್ತಿ, ಇಷ್ಟರಿಂದ ಪ್ರಾರಂಭಿಸಿ.

ಕೊಡಗಿನವರು ಇನ್ನೊಂದು ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯೊಳಗಿನ ತೇವಮಾಪಕ ಶೇಕಡಾ ತೊಂಬತ್ತರಿಂದ ಕೆಳಗಿಳಿಯುವುದೇ ಅಪರೂಪ; ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುವ ಆ ದಿನಗಳಲ್ಲಿ ಲೆನ್ಸ್ ಅನ್ನು ಅದರ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಿದರೆ ಅದಕ್ಕೂ ಬೂಷ್ಟು ಹಿಡಿಯಿತೆಂದೇ ತಿಳಿಯಿರಿ. ನನ್ನ ಮೊದಲ ಮ್ಯಾಕ್ರೋ ಹಾಗೆಯೇ ಹೋಯಿತು. ಅಕ್ಟೋಬರ್‌ನಲ್ಲಿ ತೆಗೆದು ಕಿಟಕಿಗೆ ಹಿಡಿದು ನೋಡಿದಾಗ ಒಳಗಿನ ಗಾಜಿನ ಅಂಚಿನಿಂದ ನಡುವಿನವರೆಗೆ ಬಿಳಿ ಎಳೆಗಳು ಜೇಡರ ಬಲೆಯಂತೆ ಕವಲೊಡೆದಿದ್ದವು. ಈಗ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ಸಣ್ಣ ತೇವಮಾಪಕ ಇಟ್ಟಿದ್ದೇನೆ. ಮುಳ್ಳು 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ಏರತೊಡಗಿದರೆ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಜೆಲ್ ಅನ್ನು ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ತುಂಬುತ್ತೇನೆ. ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಇನ್ನೂ ಅನುಕೂಲ, ಆದರೆ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋದಾಗ ಅದು ಬರಿಯ ಪೆಟ್ಟಿಗೆ.

ಸೆಕೆಂಡ್ ಹ್ಯಾಂಡ್ ಕೊಳ್ಳಲು ತಾವು ಮೈಸೂರಿಗೆ ಹೋಗುವುದಾದರೆ ಜೇಬಿನಲ್ಲಿ ಸಣ್ಣ ಟಾರ್ಚ್ ಇರಲಿ. ಲೆನ್ಸ್ ಅನ್ನು ಕ್ಯಾಮೆರಾದಿಂದ ಬಿಡಿಸಿ, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ, ಕವಲೊಡೆದ ಒಂದು ಎಳೆ ಕಂಡರೂ ಬೇಡ ಎನ್ನಿ. ಫ್ಲ್ಯಾಶ್ ಮತ್ತು ಟ್ರಿಗರ್ ಅನ್ನು ಮುಂಚೆಯೇ ಕೊಂಡು ಜೊತೆಗೆ ಒಯ್ಯಿರಿ, ಟ್ರಿಗರ್ ಅನ್ನು ಆ ಕ್ಯಾಮೆರಾದ ಹಾಟ್ ಶೂಗೆ ಸಿಕ್ಕಿಸಿ, ಅಂಗಡಿಯ ಮೇಜಿನ ಆ ತುದಿಯಲ್ಲಿಟ್ಟ ಫ್ಲ್ಯಾಶ್ ಹತ್ತು ಸಲ ಒತ್ತಿದಾಗ ಹತ್ತು ಸಲವೂ ಬೆಳಗುತ್ತದೆಯೇ ನೋಡಿ, ಆಮೇಲೆ ಹಣ ಎಣಿಸಿಕೊಡಿ.