ರಾಕ್‌ಫಿಶ್ ದೋಣಿಗೆ ಹೋಗಬಹುದಾ?
ಸರ್, ಚಿಂತಾಮಣಿಯಿಂದ ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೋದಾಗ ಅಲ್ಲಿನ ಕರಾವಳಿಯಾಚೆಯ ಚಾನೆಲ್ ದ್ವೀಪಗಳ ಕಡೆ ದೋಣಿಯಲ್ಲಿ ರಾಕ್‌ಫಿಶ್ (ಕಡಲ ತಳದ ಬಂಡೆಗಳ ಬಳಿ ಇರುವ ಮೀನು) ಹಿಡಿಯೋಕೆ ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನಾನು ಕೋಲಾರಮ್ಮನ ಕೆರೆಯಲ್ಲಿ ಗಾಳ ಹಾಕಿ ಬೆಳೆದವನು, ಅಲ್ಲಿ ಬೆಂಡು ನೋಡ್ತಾ ಕೂರ್ತಿದ್ದೆವು. ರಾಕ್‌ಫಿಶ್‌ಗೆ ಬೆಂಡೇ ಇಲ್ಲ. ಸೀಸದ ಗುಂಡು ತಳಕ್ಕೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ತಕ್ಷಣ ದಾರದ ರೀಲನ್ನು ಎರಡು ಸುತ್ತು ಸುತ್ತಿ ಗುಂಡನ್ನು ಮೇಲೆತ್ತಿ, ಇಲ್ಲದಿದ್ದರೆ ಬಂಡೆಗೆ ಸಿಕ್ಕಿಕೊಳ್ಳುತ್ತದೆ.

ಆಳದಿಂದ ಬಂದ ಮೀನಿನ ಕಣ್ಣು ಉಬ್ಬಿ, ಹೊಟ್ಟೆ ಬಾಯಿಂದ ಆಚೆ ಬಂದಿರುತ್ತದೆ. ಒಳಗಿನ ಗಾಳಿಚೀಲ ಹಿಗ್ಗಿ ಹಾಗಾಗೋದು. ಬೇಡದ ಮೀನನ್ನು ಸುಮ್ನೆ ಎಸೆದರೆ ತೇಲುತ್ತಾ ಸಾಯುತ್ತದೆ, ಪಾಪ. ಭಾರ ಕಟ್ಟಿ ಆಳಕ್ಕಿಳಿಸಿ ಬಿಡುವ ಸಾಧನ ದೋಣಿಯಲ್ಲಿದೆಯಾ, ಕೇಳಿ. ಬೆನ್ನಿನ ಮುಳ್ಳಲ್ಲಿ ಸ್ವಲ್ಪ ವಿಷ ಇರುತ್ತದೆ, ಬರಿಗೈಲಿ ಮುಟ್ಟಬೇಡಿ.

16 ವರ್ಷ ತುಂಬಿದವರಿಗೆಲ್ಲ ಮೀನು ಹಿಡಿಯೋ ಲೈಸೆನ್ಸ್ ಬೇಕು, ಒಂದು ದಿನದ್ದೂ ಸಿಗುತ್ತದೆ. ವಾಂತಿ ಮಾತ್ರೆ ದೋಣಿ ಹತ್ತುವ ಮೊದಲೇ ತಗೊಳ್ಳಿ.