ಕಿವಿಗೂ ಪುರಾವೆ ಬೇಕು

ಮಾಧ್ಯಮಗಳನ್ನು ವಿಮರ್ಶಿಸುವ ಪಾಡ್‌ಕಾಸ್ಟ್‌ಗಳ (ಅಂತರ್ಜಾಲದಲ್ಲಿ ಕೇಳುವ ಮಾತಿನ ಕಾರ್ಯಕ್ರಮಗಳ) ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಅಂಕಣ ಓದಿ ಒಬ್ಬ ಓದುಗರು ಖಾರವಾದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಇಬ್ಬರು ಮೈಕ್ ಮುಂದೆ ಕೂತು ಎರಡು ಗಂಟೆ ಹರಟಿದರೆ ಅದು ಮಾಧ್ಯಮ ವಿಮರ್ಶೆ ಹೇಗಾಗುತ್ತದೆ? ವರದಿಗಾರರು ಅಲೆದಾಡಿ ತಂದ ಸುದ್ದಿಯನ್ನು ಇವರು ಕೂತಲ್ಲೇ ಓದುತ್ತಾರೆ, ಆಮೇಲೆ ಅದೇ ವರದಿಗಾರರನ್ನು ಬೈಯುತ್ತಾರೆ. ಬರೆಯಲು ಬಾರದವರು ಮಾತಾಡುತ್ತಾರೆ, ಅಷ್ಟೆ. ಇಂಥವರಿಗೆ ಒಂದು ಪುಟ ಕೊಟ್ಟಿದ್ದೇಕೆ? ಆ ಅಂಕಣ ನಿಲ್ಲಿಸಿ."

ಪ್ರಿಯ ಓದುಗರೇ,

ನಿಮ್ಮ ಸಿಟ್ಟಿನಲ್ಲಿ ಅರ್ಧ ಪಾಲು ನನಗೂ ಇದೆ. ಆದರೆ ಹರಟೆಯ ಮೇಲೆ ನನಗೆ ತಕರಾರಿಲ್ಲ. ಇಬ್ಬರು ಕೂತು ಮಾತಾಡಲಿ, ನಗಲಿ, ವಿಷಯ ಬಿಟ್ಟು ಅತ್ತಿತ್ತ ಹೋಗಿಬರಲಿ. ಆದರೆ ಯಾರ ಮಾತನ್ನು ಟೀಕಿಸುತ್ತಾರೋ ಆ ಮಾತನ್ನು ಮೊದಲು ನಮಗೆ ಕೇಳಿಸಬೇಕು. ಯಾವ ಚಾನೆಲ್, ಯಾವ ದಿನ, ಅದರ ಹಿಂದೆ ಮುಂದೆ ಏನಿತ್ತು ಅಂತ ಹೇಳಬೇಕು. ಅದ್ಯಾವುದೂ ಇಲ್ಲದೆ "ಮಾಧ್ಯಮಗಳೆಲ್ಲ ತಮ್ಮನ್ನು ಮಾರಿಕೊಂಡಿವೆ" ಎಂದು ಗಂಟೆಗಟ್ಟಲೆ ಗೊಣಗುವವರ ಮಾತು ಕೇಳುವಾಗ ಇಯರ್‌ಫೋನ್ ಕಿತ್ತು ಪಕ್ಕಕ್ಕಿಡೋಣ ಅಂತ ನನಗೂ ಅನಿಸುತ್ತದೆ.

"ಬರೆಯಲು ಬಾರದವರು" ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಈ ಮಾಧ್ಯಮದ ಶುರುವಿನಲ್ಲೇ ಪತ್ರಕರ್ತರಿದ್ದಾರೆ. ಆಡಿಯೊ ಫೈಲನ್ನು ಫೀಡಿಗೆ, ಅಂದರೆ ಜಾಲತಾಣದಲ್ಲಿ ಹೊಸತು ಬಂದಾಗ ಚಂದಾದಾರರಿಗೆ ತಿಳಿಸುವ ಪಟ್ಟಿಗೆ, ಸೇರಿಸಿ ಕೇಳುಗರಿಗೆ ತಾನಾಗಿಯೇ ತಲುಪುವಂತೆ ಮಾಡಿದವರಲ್ಲಿ ಮುಖ್ಯರು ಡೇವ್ ವೈನರ್ ಎಂಬ ಪ್ರೋಗ್ರಾಮರ್. 2003ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಂತರ್ಜಾಲ ಅಧ್ಯಯನ ಕೇಂದ್ರವಾದ ಬರ್ಕ್‌ಮನ್ ಸೆಂಟರಿನಲ್ಲಿ ಅವರ ಜೊತೆ ಸೇರಿ ಸಂದರ್ಶನಗಳನ್ನು ಹಂಚಿದವರು ಕ್ರಿಸ್ಟೋಫರ್ ಲೈಡನ್. ಲೈಡನ್ ಹಿಂದೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ರಾಜಕೀಯ ವರದಿಗಾರರಾಗಿದ್ದವರು, ಆಮೇಲೆ ರೇಡಿಯೊದಲ್ಲಿ ಹೆಸರು ಮಾಡಿದವರು. ಬ್ಲಾಗು, ರಾಜಕೀಯ, ಬದಲಾಗುತ್ತಿದ್ದ ಪತ್ರಿಕೋದ್ಯಮ, ಇವೇ ಆ ಮೊದಲ ಸಂದರ್ಶನಗಳ ವಿಷಯ. 'ಪಾಡ್‌ಕಾಸ್ಟಿಂಗ್' ಎಂಬ ಹೆಸರು ತೇಲಿಬಂದಿದ್ದೂ 2004ರ ಫೆಬ್ರವರಿಯಲ್ಲಿ ಬೆನ್ ಹ್ಯಾಮರ್ಸ್ಲಿ ಗಾರ್ಡಿಯನ್ ಪತ್ರಿಕೆಗೆ ಬರೆದ ಲೇಖನದಲ್ಲೇ. ಮಾಧ್ಯಮದ ಬಗ್ಗೆ ಮಾತಾಡುವುದು ಪಾಡ್‌ಕಾಸ್ಟಿಗೆ ಇತ್ತೀಚೆಗೆ ಅಂಟಿದ ಚಾಳಿ ಏನಲ್ಲ.

ಒಂದು ಪುಟ ಕೊಟ್ಟಿದ್ದೇಕೆ ಅಂದಿರಿ. ಒಂದು ಟಿವಿ ಚರ್ಚೆಯನ್ನು ಅಚ್ಚಿನಲ್ಲಿ ವಿಮರ್ಶೆ ಮಾಡಿ ನೋಡಿ, ಕಷ್ಟ ಗೊತ್ತಾಗುತ್ತದೆ. "ನಿರೂಪಕರು ದನಿ ಏರಿಸಿದರು", "ಅತಿಥಿಯ ಮಾತಿಗೆ ಅಡ್ಡ ಬಂದರು" ಎಂದು ಬರೆಯಬಹುದು. ಎಷ್ಟು ಏರಿಸಿದರು? ಒಂದು ಪಕ್ಷದವರೊಡನೆ ಇದ್ದ ದನಿ ಇನ್ನೊಂದು ಪಕ್ಷದವರ ಸರದಿ ಬಂದಾಗ ಬದಲಾಯಿತಾ? ಉತ್ತರ ಬಂದ ಮೇಲೆ ಆ ಅಣಕದ ನಗು ಎಷ್ಟು ಹೊತ್ತು ಇತ್ತು? ಅಕ್ಷರದಲ್ಲಿ ಇದನ್ನೆಲ್ಲ ಹಿಡಿಯಲು ಹೋದರೆ ಓದುಗರು ನಮ್ಮ ಬಣ್ಣನೆಯನ್ನೇ ನಂಬಬೇಕಾಗುತ್ತದೆ. ಪಾಡ್‌ಕಾಸ್ಟಿನವರು ಕ್ಲಿಪ್ ಹಾಕಿ ಸುಮ್ಮನಿದ್ದರೆ ಸಾಕು. ತೀರ್ಮಾನ ಕೇಳುಗರದ್ದು.

2018ರ ಒಂದು ಪ್ರಸಂಗ ಹೇಳುತ್ತೇನೆ. ಅಮೆರಿಕದ ಸಿಂಕ್ಲೇರ್ ಬ್ರಾಡ್‌ಕಾಸ್ಟ್ ಗ್ರೂಪ್ ಕೈಯಲ್ಲಿ ಬೇರೆ ಬೇರೆ ಊರುಗಳ ಸ್ಥಳೀಯ ಟಿವಿ ಕೇಂದ್ರಗಳು ತುಂಬಾ ಇದ್ದವು. ಅಲ್ಲಿನ ನಿರೂಪಕರಿಗೆ ಕಂಪನಿ ಒಂದೇ ಬರಹ ಕೊಟ್ಟು ಓದಿಸಿತು. ಸುಳ್ಳು ಸುದ್ದಿ ಹಬ್ಬುತ್ತಿದೆ, ಕೆಲವು ಮಾಧ್ಯಮಗಳು ಪರಿಶೀಲಿಸದೆ ಅದನ್ನೇ ಕೊಡುತ್ತಿವೆ ಎಂಬ ಎಚ್ಚರಿಕೆ ಅದರಲ್ಲಿತ್ತು. ಒಂದೊಂದು ಊರಿನವರಿಗೂ ಅದು ತಮ್ಮ ನಿರೂಪಕರ ಸ್ವಂತ ಮಾತಿನ ಹಾಗೆ ಕೇಳಿತು. ಡೆಡ್‌ಸ್ಪಿನ್ ಎಂಬ ಜಾಲತಾಣ ಹತ್ತಾರು ನಿರೂಪಕರ ವಿಡಿಯೊಗಳನ್ನು ಒಟ್ಟಿಗೆ ಜೋಡಿಸಿ ಹಾಕಿದಾಗ ಬಣ್ಣ ಬಯಲಾಯಿತು. ಎಲ್ಲರದ್ದೂ ಅದೇ ವಾಕ್ಯ, ಅದೇ ಕಳವಳ, ಪ್ರಾರ್ಥನೆ ಒಪ್ಪಿಸಿದ ಹಾಗೆ. ಈ ವಿಷಯ ಅದಕ್ಕೂ ಮೊದಲೇ ಸುದ್ದಿಯಾಗಿತ್ತು. ಆದರೆ ಜನ ಬೆಚ್ಚಿಬಿದ್ದದ್ದು ಕಿವಿಯಾರೆ ಕೇಳಿದಾಗ. ಅದು ವಿಡಿಯೊ, ಪಾಡ್‌ಕಾಸ್ಟ್ ಅಲ್ಲ ಅಂತ ನೀವು ಹೇಳಬಹುದು. ಸರಿ, ಕಣ್ಣು ಮುಚ್ಚಿ ಕೇಳಿ. ಏಟು ಅಷ್ಟೇ ಜೋರಾಗಿದೆ.

ಈ ಬಲವನ್ನು ಸರಿಯಾಗಿ ಬಳಸುವವರಿದ್ದಾರೆ. ನ್ಯೂಯಾರ್ಕ್‌ನ ಡಬ್ಲ್ಯುಎನ್‌ವೈಸಿ ರೇಡಿಯೊದ 'ಆನ್ ದಿ ಮೀಡಿಯಾ', 'ಪಾಡ್‌ಕಾಸ್ಟ್' ಎಂಬ ಹೆಸರು ಹುಟ್ಟುವ ಮೊದಲೇ ಇದ್ದ ಮಾಧ್ಯಮ ವಿಮರ್ಶೆಯ ಕಾರ್ಯಕ್ರಮ. 2017ರಲ್ಲಿ ಶುರುವಾದ 'ಸೈಟೇಷನ್ಸ್ ನೀಡೆಡ್' ಎಂಬ ಪಾಡ್‌ಕಾಸ್ಟ್ ಸುದ್ದಿಮನೆಗಳಲ್ಲಿ ಸವೆದು ಹೋದ ಒಂದು ವಾದವನ್ನು ಹಿಡಿದು, ಅದು ಎಲ್ಲಿಂದ ಬಂತು, ಯಾರಿಗೆ ಅನುಕೂಲ ಎಂದು ಹಳೆಯ ಪತ್ರಿಕೆಗಳ ತನಕ ಬೆನ್ನುಹತ್ತುತ್ತದೆ. ಅದರ ಎಡಪಂಥೀಯ ಒಲವು ಗುಟ್ಟೇನಲ್ಲ. ಒಪ್ಪದವರಿಗೂ ಅದು ತೋರಿಸುವ ಪುರಾವೆ ಸಿಗುತ್ತದೆ, ಎದುರು ವಾದ ಹೂಡಬಹುದು. ಒಲವು ಇರುವುದು ನನಗೆ ದೊಡ್ಡ ದೋಷವಾಗಿ ಕಾಣುವುದಿಲ್ಲ. ಬಚ್ಚಿಟ್ಟ ಒಲವು ದೋಷವಾಗಿ ಕಾಣುತ್ತದೆ.

ಇನ್ನು ನನ್ನ ಅರ್ಧ ಸಿಟ್ಟಿಗೆ ಬರುತ್ತೇನೆ.

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬಿಬ್ಬರು ರೇಡಿಯೊ, ಟಿವಿ ನಿರೂಪಕರ ಬಗ್ಗೆ ಒಂದು ಪ್ರಬಂಧ ಬರೆದರು. ದಿನಾ ನೋಡಿ ಕೇಳಿ ಜನರಿಗೆ ನಿರೂಪಕರು ತಮ್ಮ ಆಪ್ತರೇ ಅನಿಸಿಬಿಡುತ್ತಾರೆ, ಆ ನಿರೂಪಕರಿಗೆ ಇವರ ಗುರುತೇ ಇರುವುದಿಲ್ಲ ಎಂಬುದು ಅದರ ತಿರುಳು. ಆಗ ದನಿ ಬರುತ್ತಿದ್ದದ್ದು ಕೋಣೆಯ ಮೂಲೆಯಿಂದ. ಈಗ ಕಿವಿಯ ಒಳಗಿಂದ. ಪತ್ರಿಕೆಯ ಅಂಕಣಕಾರರನ್ನು ಅನುಮಾನದಿಂದ ಓದುವವರೇ ಪಾಡ್‌ಕಾಸ್ಟ್ ಹೋಸ್ಟ್ ಹೇಳಿದ್ದನ್ನು "ನಮ್ಮವನು ಹೇಳಿದ" ಅಂತ ನಂಬುತ್ತಾರೆ. ನಡುವೆ ಅದೇ ದನಿ ಜಾಹೀರಾತನ್ನೂ ಓದುತ್ತದೆ. ಅದನ್ನೂ ನಂಬುತ್ತಾರೆ. ಮಾಧ್ಯಮವನ್ನು ಕುರುಡಾಗಿ ನಂಬಬೇಡಿ ಎಂದು ಪಾಠ ಹೇಳುವ ಕಾರ್ಯಕ್ರಮಕ್ಕೇ ಕುರುಡು ನಂಬಿಕೆ ಸಿಗುತ್ತದೆ. ಇದು ನನಗೆ ಹರಟೆಗಿಂತ ಜಾಸ್ತಿ ಚಿಂತೆ ಕೊಡುವ ವಿಷಯ.

ಜೊತೆಗೆ, ಮಾತನ್ನು ಪರಿಶೀಲಿಸುವುದು ಬರಹವನ್ನು ಪರಿಶೀಲಿಸಿದಷ್ಟು ಸುಲಭವಲ್ಲ. ಪತ್ರಿಕೆಯಲ್ಲಿ ಒಂದು ತಪ್ಪಿದ್ದರೆ ನೀವು ಗೆರೆ ಎಳೆದು ಕಳಿಸುತ್ತೀರಿ, ಕಳಿಸಿದ್ದೀರಿ ಕೂಡ. ಎರಡು ಗಂಟೆಯ ಎಪಿಸೋಡಿನಲ್ಲಿ ಒಂದೂಕಾಲನೇ ಗಂಟೆಗೆ ನುಸುಳಿದ ಸುಳ್ಳನ್ನು ಹುಡುಕುವವರು ಯಾರು? 2023ರಲ್ಲಿ ಬ್ರೂಕಿಂಗ್ಸ್ ಎಂಬ ಸಂಶೋಧನಾ ಸಂಸ್ಥೆ ಅಮೆರಿಕದ 79 ಪ್ರಮುಖ ರಾಜಕೀಯ ಪಾಡ್‌ಕಾಸ್ಟ್‌ಗಳ 36,000ಕ್ಕೂ ಹೆಚ್ಚು ಎಪಿಸೋಡ್‌ಗಳನ್ನು ಬರಹಕ್ಕೆ ಇಳಿಸಿ ಜಾಲಾಡಿತು. ಅವುಗಳಲ್ಲಿ ಶೇ. 70ರಷ್ಟು ಪಾಡ್‌ಕಾಸ್ಟ್‌ಗಳಲ್ಲಿ ಒಂದಾದರೂ ಸುಳ್ಳು ಇಲ್ಲವೇ ಆಧಾರವಿಲ್ಲದ ಹೇಳಿಕೆ ಇತ್ತು. 'ಒಂದಾದರೂ' ಎಂಬ ಅಳತೆ ಸ್ವಲ್ಪ ಬಿಗಿಯಾಯಿತು ಅನ್ನಿ. ಅಷ್ಟು ಮಾತಾಡಿದವರಲ್ಲಿ ಒಂದು ತಪ್ಪು ಸಿಗದಿದ್ದರೆ ಅದೇ ಆಶ್ಚರ್ಯ. ಆದರೂ ಬರಹಕ್ಕೆ ಇಳಿಸಿದ ಮೇಲಷ್ಟೇ ಆ ತಪ್ಪುಗಳು ಸಿಕ್ಕವು ಎಂಬುದನ್ನು ಗಮನಿಸಿ. ಲಿಖಿತ ರೂಪ ಕೊಡದ ಮಾಧ್ಯಮ ವಿಮರ್ಶಕರನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಹೊತ್ತು ಜಾಸ್ತಿ ಕೊಟ್ಟರೆ ಸತ್ಯ ಹೊರಗೆ ಬರುತ್ತದೆ ಎಂಬ ನಂಬಿಕೆಯೂ ಇದೆ. 2024ರ ಅಕ್ಟೋಬರ್‌ನಲ್ಲಿ, ಅಮೆರಿಕದ ಅಧ್ಯಕ್ಷ ಚುನಾವಣೆಗೆ ಕೆಲವೇ ದಿನ ಇರುವಾಗ, ಅಭ್ಯರ್ಥಿ ಡೊನಾಲ್ಡ್ ಟ್ರಂಪ್ ಜೋ ರೋಗನ್ ಅವರ ಪಾಡ್‌ಕಾಸ್ಟಿನಲ್ಲಿ ಸುಮಾರು ಮೂರು ಗಂಟೆ ಮಾತಾಡಿದರು. ಅದೇ ತಿಂಗಳು ಅವರ ಎದುರಾಳಿ ಕಮಲಾ ಹ್ಯಾರಿಸ್ 'ಕಾಲ್ ಹರ್ ಡ್ಯಾಡಿ' ಪಾಡ್‌ಕಾಸ್ಟಿಗೆ ಹೋದರು. ಇಬ್ಬರೂ ಆರಿಸಿಕೊಂಡದ್ದು ಸುದ್ದಿಮನೆಯ ವರದಿಗಾರರಲ್ಲದ ಹೋಸ್ಟ್‌ಗಳನ್ನು. ರಾಜಕಾರಣಿಗೆ ಇದು ಲಾಭದ ಲೆಕ್ಕ, ಅಲ್ವಾ? ಆರಾಮಾಗಿ ಕೂತು ಮಾತಾಡಿದರೆ ಮನುಷ್ಯ ಹತ್ತಿರದವನಾಗಿ ಕಾಣುತ್ತಾನೆ. "ಹೋದ ತಿಂಗಳು ನೀವು ಬೇರೆ ಹೇಳಿದ್ದಿರಿ, ದಾಖಲೆ ಇಲ್ಲಿದೆ" ಎಂದು ಕೇಳಲು ಮೂರು ಗಂಟೆ ಬೇಕಿಲ್ಲ. ಹತ್ತು ನಿಮಿಷ ಸಾಕು, ತಯಾರಿ ಮಾತ್ರ ಬೇಕು.

ವರದಿಗಾರರನ್ನು ಬೈಯುತ್ತಾರೆ ಎಂದು ನೊಂದಿದ್ದೀರಿ. ವರದಿಯೇ ಇಲ್ಲದಿದ್ದರೆ ವಿಮರ್ಶೆಗೆ ಏನೂ ಉಳಿಯುವುದಿಲ್ಲ, ನಿಜ. ನಮ್ಮ ಸಂಪಾದಕೀಯಗಳೂ ಹಾಗೇ ಬದುಕುವುದು ಬಿಡಿ. ಆದರೆ ವರದಿಗಾರಿಕೆಯನ್ನು ಪ್ರಶ್ನಿಸಲೇಬೇಕಾದ ಹೊತ್ತೂ ಬರುತ್ತದೆ. ನ್ಯೂಯಾರ್ಕ್ ಟೈಮ್ಸ್ 2018ರಲ್ಲಿ 'ಕ್ಯಾಲಿಫೇಟ್' ಎಂಬ ಪಾಡ್‌ಕಾಸ್ಟ್ ಸರಣಿ ತಂದಿತು. ತಾನು ಸಿರಿಯಾಗೆ ಹೋಗಿ ಐಸಿಸ್ ಸೇರಿ ಕೊಲೆ ಮಾಡಿದೆ ಎಂದು ಕೆನಡಾದ ಯುವಕನೊಬ್ಬ ಹೇಳಿದ ಕತೆಯೇ ಅದರ ಬೆನ್ನೆಲುಬು. ಸರಣಿಗೆ ಪ್ರಶಸ್ತಿಯೂ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಕೆನಡಾ ಪೊಲೀಸರು ಅದು ಕಟ್ಟುಕತೆ ಎಂದು ಆರೋಪಿಸಿ ಅವನ ಮೇಲೆ ಕೇಸು ಹಾಕಿದರು. ಡಿಸೆಂಬರ್‌ನಲ್ಲಿ ಪತ್ರಿಕೆ ತನ್ನ ಲೋಪ ಒಪ್ಪಿಕೊಂಡು ಪೀಬಡಿ ಪ್ರಶಸ್ತಿಯನ್ನು ವಾಪಸ್ ಕೊಟ್ಟಿತು. ಅಷ್ಟು ದೊಡ್ಡ ಸುದ್ದಿಮನೆ, ಅಷ್ಟು ಅನುಭವಿ ಸಂಪಾದಕರು. ಆದರೂ ಒಂದು ದನಿ ಅವರನ್ನು ಹಿಡಿದು ಕೂರಿಸಿಬಿಟ್ಟಿತು. ಸರಣಿ ಪ್ರಸಾರವಾದಾಗಲೇ ಅನುಮಾನ ಎತ್ತಿದ ಕೆನಡಾದ ಪತ್ರಕರ್ತರಿದ್ದರು. ಅವರ ಮಾತನ್ನು ಆಗಲೇ ಗಟ್ಟಿಯಾಗಿ ಹಿಡಿದಿದ್ದರೆ ಎರಡು ವರ್ಷ ಕಾಯಬೇಕಿರಲಿಲ್ಲ.

ದುಡ್ಡಿನ ಮಾತು ನಿಮ್ಮ ಪತ್ರದಲ್ಲಿ ಇಲ್ಲ, ಇರಬೇಕಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ರಷ್ಯಾದ ಸರ್ಕಾರಿ ಮಾಧ್ಯಮ ಆರ್‌ಟಿಯ ಇಬ್ಬರು ನೌಕರರ ಮೇಲೆ ಆರೋಪಪಟ್ಟಿ ಹಾಕಿತು. ಟೆನೆಸ್ಸಿಯ ಒಂದು ಕಂಪನಿ ಮೂಲಕ ರಾಜಕೀಯ ವೀಡಿಯೊಗಳಿಗೆ ಸುಮಾರು ಒಂದು ಕೋಟಿ ಡಾಲರ್ ಗುಟ್ಟಾಗಿ ಹರಿಸಿದರು ಎಂಬುದು ಆರೋಪ. ಕಂಪನಿಗೆ ಕಾರ್ಯಕ್ರಮ ಮಾಡಿಕೊಟ್ಟವರಲ್ಲಿ ಹೆಸರಾಂತ ಪಾಡ್‌ಕಾಸ್ಟರ್‌ಗಳೂ ಇದ್ದರು. ದುಡ್ಡಿನ ಮೂಲ ನಮಗೆ ಗೊತ್ತಿರಲಿಲ್ಲ ಎಂದರು. ಇರಬಹುದು. "ಮುಖ್ಯವಾಹಿನಿಯ ಮಾಧ್ಯಮದ ಹಿಂದೆ ಯಾರಿದ್ದಾರೆ ನೋಡಿ" ಎಂದು ವರ್ಷಗಟ್ಟಲೆ ಹೇಳುತ್ತಾ ಬಂದವರು ತಮ್ಮ ಸಂಬಳ ಕೊಡುವವರು ಯಾರು ಎಂದು ಕೇಳಲೇ ಇಲ್ಲವಾ?

ಕೇಳುಗರೇ ಚಂದಾ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ದೆಹಲಿಯ ನ್ಯೂಸ್‌ಲಾಂಡ್ರಿ 2012ರಲ್ಲಿ ಶುರುವಾಗಿ ಚಂದಾದಾರರ ಬಲದಿಂದ ಮಾಧ್ಯಮ ವಿಮರ್ಶೆ ಮಾಡುತ್ತಿದೆ, ಒಳ್ಳೆಯ ದಾರಿಯೇ. ಆದರೆ ಚಂದಾದಾರರಿಗೂ ಇಷ್ಟಾನಿಷ್ಟ ಇರುತ್ತದೆ. ಅವರು ಮೆಚ್ಚುವ ನಾಯಕನ ತಪ್ಪು ಹೇಳಿದ ತಿಂಗಳು ಚಂದಾ ಕಡಿಮೆಯಾದರೆ, ಮುಂದಿನ ತಿಂಗಳು ಹೋಸ್ಟ್ ಏನು ಮಾಡುತ್ತಾರೆ? ಒಬ್ಬ ಮಾಧ್ಯಮ ವಿಮರ್ಶಕರ ಯೋಗ್ಯತೆ ಗೊತ್ತಾಗುವುದು ಅಲ್ಲೇ. ತಮ್ಮ ಕೇಳುಗರಿಗೆ ಕಹಿಯಾಗುವ ಎಪಿಸೋಡ್ ಒಂದಾದರೂ ಮಾಡಿದ್ದಾರಾ ಅಂತ ನಾನು ಮೊದಲು ನೋಡುತ್ತೇನೆ.

ಅಂಕಣವನ್ನು ನಿಲ್ಲಿಸುವುದಿಲ್ಲ, ಕ್ಷಮಿಸಿ. ಆದರೆ ನಿಮ್ಮ ಪತ್ರದಿಂದ ಒಂದು ಬದಲಾವಣೆ ಆಗಿದೆ. ಮುಂದಿನ ಸಂಚಿಕೆಯಿಂದ ಪ್ರತಿ ಪಾಡ್‌ಕಾಸ್ಟ್ ವಿಮರ್ಶೆಯ ಕೆಳಗೆ ಚಿಕ್ಕ ಚೌಕಟ್ಟು ಇರುತ್ತದೆ. ದುಡ್ಡು ಎಲ್ಲಿಂದ, ಲಿಖಿತ ರೂಪ ಸಿಗುತ್ತದಾ, ತಪ್ಪಾದಾಗ ಕೇಳುಗರಿಗೆ ಹೇಳಿದ್ದಾರಾ ಎಂಬುದನ್ನು ಅದರಲ್ಲಿ ಹಾಕುತ್ತೇವೆ. ನಾವು ಹೊಗಳಿದ ಪಾಡ್‌ಕಾಸ್ಟ್ ಯಾವುದಾದರೂ ಒಂದು ವರದಿಯನ್ನು ತಿರುಚಿ ಹೇಳಿದ್ದು ನಿಮ್ಮ ಕಿವಿಗೆ ಬಿದ್ದರೆ ಎಪಿಸೋಡಿನ ಹೆಸರು, ನಿಮಿಷ, ಮೂಲ ವರದಿಯ ದಿನಾಂಕ ಬರೆದು ಕಳಿಸಿ. ಅಂಕಣದ ಪಕ್ಕದಲ್ಲೇ ಪ್ರಕಟಿಸುತ್ತೇವೆ.

– ಸಂಪಾದಕ