ಗ್ರಿಲ್ ಪಕ್ಕ ಮೊದಲು ಇರ್ಬೇಕಾದ್ದು ಯಾವುದು: ಥರ್ಮಾಮೀಟರಾ, ಇಂಜೆಕ್ಟರಾ?

ಪ್ರಶ್ನೆ: ನಮಸ್ಕಾರ ಸರ್, ಹೊಸದಾಗಿ ಮುಚ್ಚಳ ಇರೋ ಇದ್ದಲು ಗ್ರಿಲ್ ತಗೊಂಡಿದೀನಿ, ಮುಚ್ಚಳದ ಮೇಲೇ ಒಂದು ಮೀಟರ್ ಇದೆ. ಅದಿದ್ದೂ ಬೇರೆ ಥರ್ಮಾಮೀಟರ್ ಬೇಕಾ? ಬೇಕು ಅಂದ್ರೆ ಮುಳ್ಳಿಂದು, ಡಿಜಿಟಲ್ಲು, ವೈರ್ ಇರೋದು, ವೈರ್ ಇಲ್ದೇ ಇರೋದು, ಮುಟ್ಟದೇ ತೋರ್ಸೋ ಗನ್ನು, ಇಷ್ಟರಲ್ಲಿ ಯಾವುದು?

ಉತ್ತರ: ಬೇಕೇ ಬೇಕು. ಮುಚ್ಚಳದ ಮೀಟರ್ ಹೇಳೋದು ಮುಚ್ಚಳದ ಕೆಳಗಿರೋ ಗಾಳಿ ಎಷ್ಟು ಬಿಸಿ ಇದೆ ಅಂತ, ಮಾಂಸ ಕೂತಿರೋ ಕಂಬಿ ಹತ್ರದ ಬಿಸಿ ಅದಲ್ಲ, ಎರಡಕ್ಕೂ ಇಪ್ಪತ್ತು ಮೂವತ್ತು ಡಿಗ್ರಿ ವ್ಯತ್ಯಾಸ ಬರೋದು ಮಾಮೂಲಿ. ಇನ್ನು ಮಾಂಸದ ಒಳಗೇನಾಗ್ತಿದೆ ಅನ್ನೋದು ಅದಕ್ಕೆ ಗೊತ್ತೇ ಆಗಲ್ಲ, ನಮಗೆ ಬೇಕಾಗಿರೋದು ಅದೇ.

ಒಂದೇ ಒಂದು ತಗೋಬೇಕು ಅಂದ್ರೆ ಸಣ್ಣ ಮೊನೆಯ ಡಿಜಿಟಲ್ ಇನ್‌ಸ್ಟಂಟ್ ರೀಡ್, ಅಂದ್ರೆ ಚುಚ್ಚಿದ ಕೆಲವೇ ಸೆಕೆಂಡಲ್ಲಿ ನಂಬರ್ ತೋರ್ಸೋದು, ತಗೊಳಿ. ಮಿಕ್ಕಿದ್ದೆಲ್ಲ ಆಮೇಲೆ. ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾನು ಶುರುವಲ್ಲಿ ಮುಳ್ಳಿನ ಡಯಲ್ ಇರೋದನ್ನೇ ಇಟ್ಕೊಂಡಿದ್ದೆ, ಒಂದಿನ ಕೋಳಿ ಎದೆ ಪೀಸ್‌ಗೆ ಚುಚ್ಚಿದ್ರೆ ಮುಳ್ಳು 74 ಡಿಗ್ರಿಗೆ ಬಂತು, ಅಂದ್ರೆ ಕೋಳಿ ಬೆಂದ ಲೆಕ್ಕ, ಖುಷಿಯಲ್ಲಿ ತೆಗೆದು ತಟ್ಟೆಗೆ ಹಾಕ್ದೆ, ಕುಯ್ದು ನೋಡಿದ್ರೆ ನಡುವೆ ಇನ್ನೂ ಗಾಜಿನ ಥರ ಹೊಳೀತಾ ಹಸಿಹಸಿ ಇತ್ತು, ಮಕ್ಕಳ ತಟ್ಟೆಗೆ ಹೋಗಿದ್ದನ್ನೂ ವಾಪಸ್ ತಗೊಂಡು ಮತ್ತೆ ಕೆಂಡದ ಮೇಲಿಟ್ಟೆ. ಮೀಟರ್ ಕೆಟ್ಟಿರ್ಲಿಲ್ಲ. ಡಯಲ್ ಮೀಟರಲ್ಲಿ ಬಿಸಿ ಗ್ರಹಿಸೋ ಸುರುಳಿ ಮೊನೆಯಿಂದ ಮೇಲಕ್ಕೆ ಐದಾರು ಸೆಂಟಿಮೀಟರ್ ತನಕ ಇರತ್ತೆ, ಅಷ್ಟೂ ಉದ್ದದ ಸರಾಸರಿಯನ್ನ ಅದು ತೋರ್ಸತ್ತೆ, ಮೂರು ಸೆಂಟಿಮೀಟರ್ ದಪ್ಪದ ಪೀಸ್‌ಗೆ ಮೇಲಿಂದ ಚುಚ್ಚಿದ್ರೆ ಅರ್ಧ ಸುರುಳಿ ಹೊರಗಿನ ಬಿಸಿಗಾಳಿಯಲ್ಲೇ ಇರತ್ತಲ್ಲ! ಡಿಜಿಟಲ್‌ದರಲ್ಲಿ ಸೆನ್ಸರ್ ಇರೋದು ಬರೀ ತುದಿಯಲ್ಲಿ. ಥರ್ಮೋಕಪಲ್ ಆದ್ರೆ ಎರಡು ಬೇರೆ ಲೋಹದ ತಂತಿ ತುದಿಯಲ್ಲಿ ಸೇರಿರೋ ಒಂದು ಸಣ್ಣ ಚುಕ್ಕೆ ಅಷ್ಟೇ, ಅದಕ್ಕೇ ಎರಡು ಮೂರು ಸೆಕೆಂಡಲ್ಲಿ ನಂಬರ್ ಬಂದುಬಿಡತ್ತೆ. ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ವಿದ್ಯುತ್ ತಡೆ ಬದಲಾಗೋ ಸೆನ್ಸರ್) ಇರೋದು ಸ್ವಲ್ಪ ನಿಧಾನ, ಆದ್ರೆ ಅದೂ ನಂಬೋ ಅಂಥದ್ದೇ.

ತಗೊಳೋವಾಗ ನೋಡ್ಬೇಕಾದ್ದು ಎಷ್ಟು ಬೇಗ ತೋರ್ಸತ್ತೆ, ಒಂದು ಡಿಗ್ರಿ ಆಚೀಚೆಗಿಂತ ಹೆಚ್ಚು ತಪ್ಪಲ್ವಾ, ನೀರು ಬಿದ್ರೆ ತಡ್ಕೊಳತ್ತಾ, ಕತ್ತಲಲ್ಲಿ ಓದೋಕೆ ಲೈಟ್ ಇದೆಯಾ. ಬ್ಲೂಟೂತು, ಆ್ಯಪು ಇವೆಲ್ಲ ಇಲ್ದಿದ್ರೂ ನಡೆಯತ್ತೆ. ಗನ್ ಥರ ಇರೋ ಇನ್‌ಫ್ರಾರೆಡ್‌ನ ಮಾಂಸಕ್ಕೆ ಅಂತ ತಗೋಬೇಡಿ, ಅದು ಮೇಲ್ಮೈ ಮಾತ್ರ ಓದೋದು, ಕಾವಲಿ ಕಾದಿದೆಯಾ ಅಂತ ನೋಡೋಕೆ ಚೆನ್ನಾಗಿದೆ ಅಷ್ಟೇ, ಅದೂ ಪಳಪಳ ಹೊಳೆಯೋ ಸ್ಟೀಲ್ ಆದ್ರೆ ತಪ್ಪು ಹೇಳತ್ತೆ. ಮಾಂಸದಲ್ಲೇ ಬಿಟ್ಟಿರೋ ಪ್ರೋಬ್ (ಚುಚ್ಚೋ ಸೆನ್ಸರ್ ಕಡ್ಡಿ) ಬೇಕಾಗೋದು ಗಂಟೆಗಟ್ಟಲೆ ಬೇಯಿಸೋ ದೊಡ್ಡ ತುಂಡಿಗೆ. ಅದರಲ್ಲಿ ವೈರ್ ಇರೋದಾದ್ರೆ ಮೊದಲು ಹಾಳಾಗೋದು ವೈರೇ, ಉರಿ ಮೇಲೆ ಹಾಯಿಸಬೇಡಿ, ತೊಳೆಯೋವಾಗ ವೈರ್ ಸೇರೋ ಜಾಗಕ್ಕೆ ನೀರು ತಾಗಿಸಬೇಡಿ. ವೈರ್ ಇಲ್ದೇ ಇರೋದು ನೋಡೋಕೆ ನೀಟು, ಆದ್ರೆ ದಪ್ಪ ಕಡ್ಡಿ, ತೆಳು ಪೀಸ್‌ಗೆ ಹೋಗಲ್ಲ, ಲೋಹದ ಮುಚ್ಚಳ ಹಾಕಿದ್ರೆ ಸಿಗ್ನಲ್ಲೂ ಕಮ್ಮಿ ಆಗತ್ತೆ.

ಇನ್ನು ಚುಚ್ಚೋ ರೀತಿ. ಒಳ್ಳೇ ಮೀಟರ್ ತಗೊಂಡೂ ಎಡವೋದು ಇಲ್ಲೇ. ಕೋಳಿ ತೊಡೆ ಅಂದ್ಕೊಳಿ, ಅತಿ ದಪ್ಪ ಇರೋ ಕಡೆ, ಮೂಳೆಗೆ ತಗುಲದ ಹಾಗೆ, ಪಕ್ಕದಿಂದ ನಾಟಿ ನಡು ದಾಟಿಸಿಬಿಡಿ, ಆಮೇಲೆ ಕಣ್ಣು ನಂಬರ್ ಮೇಲಿಟ್ಟು ನಿಧಾನಕ್ಕೆ ಹೊರಗೆ ಎಳೀತಾ ಬನ್ನಿ. 80 ಇದ್ದದ್ದು 75 ಆಗತ್ತೆ, 70 ಆಗತ್ತೆ, 67ಕ್ಕೆ ಇಳಿಯತ್ತೆ, ಇನ್ನೊಂಚೂರು ಎಳೆದ್ರೆ ಮತ್ತೆ 72 ಅಂತ ಏರೋಕೆ ಶುರು. ಆ 67 ಇದೆಯಲ್ಲ, ಅದೇ ನಿಮ್ಮ ಕೋಳಿಯ ನಿಜವಾದ ನಂಬರ್, ಅಂದ್ರೆ ಇನ್ನೂ ಆಗಿಲ್ಲ. ಎರಡು ಮೂರು ಕಡೆ ಹೀಗೇ ನೋಡಿ, ಎಲ್ಲಕ್ಕಿಂತ ಕಮ್ಮಿ ಬಂದದ್ದನ್ನ ಲೆಕ್ಕಕ್ಕೆ ತಗೊಳಿ. ಅಮೆರಿಕದ ಕೃಷಿ ಇಲಾಖೆ ಹೇಳೋ ಅಳತೆ ಹೀಗಿದೆ: ಕೋಳಿ ಯಾವ ರೂಪದಲ್ಲಿದ್ರೂ 74 ಡಿಗ್ರಿ ಸೆಲ್ಸಿಯಸ್, ಖೀಮಾ 71, ಕುರಿ, ಹಂದಿ, ದನದ ಇಡೀ ತುಂಡಾದ್ರೆ 63 ಮುಟ್ಟಿಸಿ ಕೆಳಗಿಳಿಸಿ ಮೂರು ನಿಮಿಷ ಬಿಡೋದು. ಕೋಳಿ ತೊಡೆನ ನಾನು 80ರ ತನಕ ಬಿಡ್ತೀನಿ, 74ಕ್ಕೆ ಅಪಾಯ ಇಲ್ಲ ನಿಜ ಆದ್ರೆ ಜಗಿಯೋಕೆ ಒಂಥರಾ ರಬ್ಬರ್, ಇನ್ನೊಂದಿಷ್ಟು ಬಿಸಿಗೆ ಮೆತ್ತಗಾಗತ್ತೆ. ಎದೆ ಪೀಸ್‌ಗೆ ಮಾತ್ರ ಹಾಗೆ ಮಾಡ್ಬೇಡಿ, ಒಣಗಿ ಹೋಗತ್ತೆ.

ಬಣ್ಣ ನೋಡಿ ಹೇಳ್ತೀನಿ ಅನ್ನೋರ ಮಾತು ದಯವಿಟ್ಟು ಕೇಳ್ಬೇಡಿ. ಖೀಮಾ 71 ಮುಟ್ಟೋಕೆ ಮುಂಚೇನೇ ಕಂದು ತಿರುಗಬಹುದು, ಹೊಗೆಯಲ್ಲಿ ಬೆಂದ ಕೋಳಿ ಪೂರ್ತಿ ಆಗಿದ್ರೂ ಗುಲಾಬಿ ಬಣ್ಣ ಉಳಿಸ್ಕೊಂಡಿರಬಹುದು.

ಮೀಟರ್ ಸರಿ ಇದೆಯಾ ಅಂತ ನೋಡೋಕೆ ಲೋಟದ ತುಂಬ ಪುಡಿ ಐಸ್ ಹಾಕಿ, ಸಂದಿ ತುಂಬೋಷ್ಟು ಮಾತ್ರ ನೀರು ಹಾಕಿ, ಎರಡು ನಿಮಿಷ ಬಿಟ್ಟು ಕಲಕಿ, ತುದಿ ಲೋಟಕ್ಕೆ ತಾಗದ ಹಾಗೆ ನಡುವೆ ಹಿಡೀರಿ, ಸೊನ್ನೆ ಬರಬೇಕು. ಕುದಿಯೋ ನೀರಲ್ಲಿ ನೋಡಿದ್ರೆ 100 ಬರ್ಲಿಲ್ಲ ಅಂತ ಗಾಬರಿ ಬೇಡ, ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲಕ್ಕೆ ಹೋದ್ರೆ ಸುಮಾರು ಒಂದು ಡಿಗ್ರಿ ಕಮ್ಮಿಗೇ ನೀರು ಕುದಿಯತ್ತೆ.

ಪ್ರಶ್ನೆ: ರಾತ್ರಿಯಿಡೀ ಮ್ಯಾರಿನೇಟ್ ಮಾಡಿದ್ರೂ ಒಳಗೆ ಸಪ್ಪೆ ಸರ್. ಇಂಜೆಕ್ಟರ್ ತಗೊಂಡ್ರೆ ಸರಿ ಹೋಗತ್ತಾ?

ಉತ್ತರ: ಇಂಜೆಕ್ಟರ್ ಅಂದ್ರೆ ಉಪ್ಪುನೀರನ್ನ ಸೂಜಿಯಿಂದ ಮಾಂಸದೊಳಗೆ ಹಾಯಿಸೋ ದೊಡ್ಡ ಸಿರಿಂಜ್. ದೊಡ್ಡ ತುಂಡು ಮಾಡ್ತೀರಾ ಅಂದ್ರೆ ಸರಿ ಹೋಗತ್ತೆ. ಉಪ್ಪೊಂದು ಬಿಟ್ರೆ ಮ್ಯಾರಿನೇಡ್‌ನ ಬೇರೆ ರುಚಿಯೆಲ್ಲ ಮೇಲಿನ ಕೆಲವು ಮಿಲಿಮೀಟರ್ ದಾಟಿ ಹೋಗೋದೇ ಕಷ್ಟ, ಉಪ್ಪು ಕೂಡ ದಪ್ಪ ತುಂಡಿನ ನಡುವಿಗೆ ಇಳಿಯೋಕೆ ದಿನಗಟ್ಟಲೆ ತಗೊಳತ್ತೆ. ಆದ್ರೆ ಅಂಗೈಯಷ್ಟು ಪೀಸ್‌ಗೆಲ್ಲ ಇಂಜೆಕ್ಟರ್ ಬೇಡ, ಉಪ್ಪು ಸವರಿ ಫ್ರಿಜ್ಜಲ್ಲಿ ಇಟ್ರೆ ಸಾಕು.

ಪ್ಲಾಸ್ಟಿಕ್‌ದು ಬೇಡ, ಒತ್ತೋವಾಗ ಬಿರುಕು ಬಿಡತ್ತೆ. ಸ್ಟೀಲ್ ಕೊಳವೆ, ತಿರುಗಿಸಿ ಹಾಕೋ ಸೂಜಿ, ಬದಲಾಯಿಸೋಕೆ ಬರೋ ರಬ್ಬರ್ ರಿಂಗು ಇರೋದು ನೋಡಿ. ಪಕ್ಕದಲ್ಲಿ ತೂತು ಇರೋ ಸೂಜಿ ತೆಳು ಉಪ್ಪುನೀರಿಗೆ ಒಳ್ಳೇದು. ಮಸಾಲೆ ಹಾಕೋದಾದ್ರೆ ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲಾಂದ್ರೆ ಒಂದು ಮೆಣಸಿನ ಚೂರು ಸಿಕ್ಕಿಹಾಕ್ಕೊಂಡು, ನೀವು ಜೋರಾಗಿ ಒತ್ತಿ, ಪೂರ್ತಿ ನೀರು ಗೋಡೆಗೆ ಚಿಮ್ಮತ್ತೆ. ಒಂದು ಕೇಜಿ ಮಾಂಸಕ್ಕೆ 100 ಎಂಎಲ್ ನೀರು, ಅದರಲ್ಲಿ 10 ಗ್ರಾಂ ಉಪ್ಪು, ಇಷ್ಟು ಹೋದ್ರೆ ಒಳಗೆ ಹತ್ರ ಹತ್ರ ಒಂದು ಪರ್ಸೆಂಟ್ ಉಪ್ಪು ಬೀಳತ್ತೆ, ಮೇಲೆ ಸವರೋ ಮಸಾಲೆಯಲ್ಲಿ ಆಗ ಉಪ್ಪು ಕಮ್ಮಿ ಮಾಡಿ. ಸೂಜಿ ಒಳಗೆ ಹಾಕಿ ಒಂದೇ ಜಾಗದಲ್ಲಿ ಒತ್ಬೇಡಿ, ಹೊರಗೆ ಎಳೀತಾ ಎಳೀತಾ ಒತ್ತಿ, ಅದೇ ತೂತಿಂದ ದಿಕ್ಕು ಬದಲಾಯಿಸಿ ಮತ್ತೆ ಹಾಕಿ.

ಈಗ ಮುಖ್ಯವಾದ ಮಾತು. ಇಡೀ ತುಂಡಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಇರೋದು ಹೊರಮೈಯಲ್ಲಿ, ಕೆಂಡದ ಬಿಸಿಗೆ ಅದು ಮೊದಲೇ ಸಾಯತ್ತೆ. ಸೂಜಿ ಚುಚ್ಚಿದ್ರೆ ಹೊರಗಿದ್ದದ್ದನ್ನ ನಾವೇ ಒಳಗೆ ದೂಡಿದ ಹಾಗೆ. ಹಾಗಾಗಿ ಇಂಜೆಕ್ಟ್ ಮಾಡಿದ ತುಂಡನ್ನ ಅರೆಬೇಯಿಸಿ ತಿನ್ನೋ ಯೋಚನೆ ಬಿಟ್ಬಿಡಿ, ನಡುವಲ್ಲಿ 63 (ಕೋಳಿಯಾದ್ರೆ 74) ಮುಟ್ಟೋಕೆ ಮುಂಚೆ ಇಳಿಸಲೇಬೇಡಿ, ಮೂರು ನಿಮಿಷ ಬಿಡೋದೂ ಮರೀಬೇಡಿ. ಥರ್ಮಾಮೀಟರ್ ಮೊದಲು, ಇಂಜೆಕ್ಟರ್ ಆಮೇಲೆ ಅಂತ ನಾನು ಹಠ ಮಾಡೋದು ಇದಕ್ಕೇ. ಉಪ್ಪುನೀರು ತಣ್ಣಗಿರ್ಲಿ, ಬೇರೆ ಪಾತ್ರೆಗೆ ಬೇಕಾದಷ್ಟೇ ಬಗ್ಗಿಸ್ಕೊಳಿ, ಸೂಜಿ ಅದ್ದಿದ ಮೇಲೆ ಉಳಿದದ್ದನ್ನ ಚೆಲ್ಲಿ. ಕೆಲಸ ಮುಗಿದ ತಕ್ಷಣ ಬಿಚ್ಚಿ, ಬಿಸಿ ಸೋಪಿನ ನೀರನ್ನ ಸೂಜಿಯೊಳಗೆ ನಾಲ್ಕೈದು ಸಲ ಎಳೆದು ಬಿಡಿ, ಒಳಗೆ ಕಡ್ಡಿ ಬ್ರಷ್ ಆಡಿಸಿ, ಪೂರ್ತಿ ಒಣಗಿಸಿಯೇ ಒಳಗಿಡಿ.

ಪ್ರಶ್ನೆ: ನಾಲ್ಕು ಕೇಜಿ ತುಂಡು ಹೊಗೆಯಲ್ಲಿ ಇಟ್ಟಿದ್ದೆ, 68 ಡಿಗ್ರಿಗೆ ಬಂದು ಮೂರು ಗಂಟೆ ಅಲ್ಲೇ ನಿಂತಿತು. ಪ್ರೋಬ್ ಹಾಳಾಗಿದೆಯಾ?

ಉತ್ತರ: ಇಲ್ಲ, ಪ್ರೋಬ್ ಸರಿಯಾಗೇ ಹೇಳ್ತಿದೆ. ಮಾಂಸ ಬೆವರ್ತಾ ಇದೆ ಅಂದ್ಕೊಳಿ. ಮೇಲಿನ ನೀರು ಆವಿ ಆಗ್ತಾ ಒಳಗೆ ಹೋಗೋ ಬಿಸಿಯಷ್ಟನ್ನೇ ಹೊರಗೆ ಒಯ್ತಾ ಇರತ್ತೆ, 65ರಿಂದ 75ರ ನಡುವೆ ಎಲ್ಲೋ ಹೀಗೆ ನಿಂತೇ ನಿಲ್ಲತ್ತೆ. ಕಾಯಿರಿ, ಇಲ್ಲಾಂದ್ರೆ ಫಾಯಿಲ್ ಬಿಗಿಯಾಗಿ ಸುತ್ತಿ, ಆವಿ ಹೊರಗೆ ಹೋಗೋಕೆ ಆಗದೆ ನಂಬರ್ ಮತ್ತೆ ಏರತ್ತೆ. ನಾರು ಬಿಟ್ಟು ಬರೋ ಹಾಗೆ ಬೇಕಿದ್ರೆ 90 ದಾಟಿಸಬೇಕು, ಅಲ್ಲಿಂದಾಚೆ ನಂಬರ್‌ಗಿಂತ ಪ್ರೋಬ್ ಎಷ್ಟು ಸಲೀಸಾಗಿ ಒಳಗೆ ಹೋಗತ್ತೆ ಅನ್ನೋದನ್ನ ನೋಡಿ, ಮೆತ್ತಗಿನ ಬೆಣ್ಣೆಗೆ ಹೋದ ಹಾಗೆ ಹೋಗ್ಬೇಕು.

ಪ್ರಶ್ನೆ: ಬ್ರಷ್ಷು, ಗ್ಲೌಸು, ಮಾಂಸ ಬಿಡಿಸೋ ಉಗುರು, ಚಿಮಣಿ, ಇವೆಲ್ಲ ಬೇಕಾ ಸರ್?

ಉತ್ತರ: ಚಿಮಣಿ, ಅಂದ್ರೆ ಇದ್ದಲು ಹೊತ್ತಿಸೋ ಲೋಹದ ಕೊಳವೆ, ಖಂಡಿತ ತಗೊಳಿ, ಕೆಳಗೆ ಎರಡು ಹಾಳೆ ಪೇಪರ್, ಮೇಲೆ ಇದ್ದಲು, ಹದಿನೈದು ಇಪ್ಪತ್ತು ನಿಮಿಷಕ್ಕೆ ಕೆಂಡ ರೆಡಿ, ಸೀಮೆಎಣ್ಣೆ ವಾಸನೆ ಇಲ್ಲ. ಉದ್ದ ಇಕ್ಕಳ ಬೇಕು. ಉಗುರು ಬೇಡ, ಎರಡು ಫೋರ್ಕ್ ಸಾಕು. ಗ್ಲೌಸ್ ತಗೊಳಿ, ಬಟ್ಟೆದಾದ್ರೆ ಒದ್ದೆ ಇರೋವಾಗ ಮುಟ್ಬೇಡಿ, ನೀರು ಆವಿಯಾಗಿ ಕೈಯೇ ಬೇಯತ್ತೆ.

ತಂತಿ ಬ್ರಷ್ ಮಾತ್ರ ಬೇಡವೇ ಬೇಡ. ತಂತಿ ಎಳೆ ಕಿತ್ತು ಕಂಬಿಗೆ ಅಂಟಿ, ಅಲ್ಲಿಂದ ಮಾಂಸಕ್ಕೆ ಅಂಟಿ, ನುಂಗಿದವರ ಗಂಟಲಿಗೆ, ಕರುಳಿಗೆ ಚುಚ್ಚಿದ ಪ್ರಕರಣಗಳನ್ನ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲೇ ವರದಿ ಮಾಡಿದೆ. ತೀರಾ ಸಣ್ಣ ಎಳೆ ಅದು, ಮಸಿ ಹಿಡಿದ ಕಂಬಿ ಮೇಲೆ ಕಣ್ಣಿಗೂ ಕಾಣಲ್ಲ. ಕಂಬಿ ಬಿಸಿ ಇರೋವಾಗಲೇ ಫಾಯಿಲ್ ಉಂಡೆ ಮಾಡಿ ಇಕ್ಕಳದಲ್ಲಿ ಹಿಡಿದು ಉಜ್ಜಿ, ಇಲ್ಲಾ ಮರದ ಹಲಗೆಯಿಂದ ಕೆರೀರಿ. ಈಗಾಗ್ಲೇ ತಂತಿ ಬ್ರಷ್ ಬಳಸಿದ್ರೆ ಮುಂದಿನ ಸಲ ಮಾಂಸ ಇಡೋಕೆ ಮುಂಚೆ ಒದ್ದೆ ಬಟ್ಟೆಯಲ್ಲಿ ಕಂಬಿ ಪೂರ್ತಿ ಒರೆಸಿ, ಬಟ್ಟೇನ ಬೆಳಕಿಗೆ ಹಿಡಿದು ನೋಡಿ.